ಮಗಳ ಖಾತೆ, ಮಗಳ ಸ್ಕಾಲರ್‌ಶಿಪ್ಪು

ಮರಳೂರು, 18 ಆಗಸ್ಟ್ 2025, ಸೋಮವಾರ

ಸ್ಕಾಲರ್‌ಶಿಪ್ ಕೊಡುವ ಟ್ರಸ್ಟಿನವರ ಪತ್ರ ಬಂತು. ಮಗಳ ಮೊದಲ ವರ್ಷದ ಇಂಜಿನಿಯರಿಂಗ್ ಫೀಸು 1,10,000ದಲ್ಲಿ 60,000 ಅವರೇ ನೇರ ಕಾಲೇಜಿಗೆ ಕಟ್ಟುತ್ತಾರಂತೆ. ಓದಿದವಳೇ ದೇವರ ಮುಂದಿಟ್ಟೆ.

ಸುಕನ್ಯಾ ಸಮೃದ್ಧಿ ಪಾಸ್‌ಬುಕ್ಕನ್ನೂ ತೆಗೆದೆ. 2015ರ ಜನವರಿಯಲ್ಲಿ ಯೋಜನೆ ಬಂತು, ಫೆಬ್ರವರಿಯಲ್ಲೇ ಅಂಚೆ ಕಚೇರಿಯಲ್ಲಿ ಖಾತೆ ಮಾಡಿಸಿದ್ದೆ. ಆಗ ಅವಳಿಗೆ ಎಂಟು ವರ್ಷ. ಸಾಮಾನ್ಯ ನಿಯಮದಂತೆ ಹತ್ತು ದಾಟಿದ್ದರೆ ಆಗುತ್ತಿರಲಿಲ್ಲ. ಕೊಬ್ಬರಿ ರೇಟು ಬಿದ್ದಾಗಲೂ ತಿಂಗಳ ಸಾವಿರ ತಪ್ಪಿಸಲಿಲ್ಲ. ಮಾರ್ಚ್ ಕೊನೆಗೆ ಹೆಚ್ಚುಕಮ್ಮಿ 1.8 ಲಕ್ಷ ಆಗಿದೆ.

19 ಆಗಸ್ಟ್, ಮಂಗಳವಾರ

ಯಜಮಾನರು ಗುಬ್ಬಿ ಕಡೆಯ ತೋಟದಿಂದ ಬಂದವರೇ, "ಅರ್ಧ ಕೊಡ್ತಾರಲ್ಲ, ಅಷ್ಟೂ ತೆಗ್ಸಿಬಿಡು. ಮೋಟ್ರು ಸುಟ್ಟು ಕೂತದೆ" ಅಂದರು. ಅವರ ಕಷ್ಟ ಸುಳ್ಳಲ್ಲ. ಆದರೆ ಓದಿಗೆಂದು ತೆಗೆಯುವಾಗ ಹಿಂದಿನ ಮಾರ್ಚಿನ ಬಾಕಿಯಲ್ಲಿ ಅರ್ಧ ಅನ್ನುವುದು ಗರಿಷ್ಠ ಮಿತಿ ಮಾತ್ರ. ಫೀಸಿನ ಚೀಟಿಯಲ್ಲಿ ಎಷ್ಟು ಕಟ್ಟಬೇಕೆಂದು ಇರುತ್ತದೋ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಟ್ರಸ್ಟು ಕಟ್ಟಿದ ಮೇಲೆ ನಮ್ಮ ಪಾಲಿಗೆ ಉಳಿಯುವುದು 50,000. "ರೀ, ಅದು ಅವಳ ದುಡ್ಡು, ಮೋಟರಿಗೆ ಸೊಸೈಟಿಯಲ್ಲಿ ಸಾಲ ಕೇಳೋಣ" ಅಂದೆ. ಮಾತಾಡದೆ ಊಟಕ್ಕೆ ಕೂತರು.

24 ಆಗಸ್ಟ್, ಭಾನುವಾರ

ನ್ಯೂಜೆರ್ಸಿಯಿಂದ ತಮ್ಮ ಫೋನ್ ಮಾಡಿದ್ದ. ಅವನ ಮಗಳಿಗೂ ಸ್ಕಾಲರ್‌ಶಿಪ್ ಸಿಕ್ಕಿದೆ. ಅಲ್ಲಿ ಓದಿಗೆಂದು ಕೂಡಿಡುವ 529 ಖಾತೆಯ ಹಣ ಓದಿಗೇ ಹೋದರೆ ತೆರಿಗೆಯಿಲ್ಲ. ಬೇರೆಯದಕ್ಕೆ ತೆಗೆದರೆ ಅದರಲ್ಲಿ ಬೆಳೆದ ಲಾಭದ ಪಾಲಿಗೆ ಆದಾಯ ತೆರಿಗೆ, ಮೇಲೆ ಶೇ. 10 ದಂಡ. ಸ್ಕಾಲರ್‌ಶಿಪ್ ಬಂದಷ್ಟು ಮೊತ್ತಕ್ಕೆ ದಂಡ ಮಾಫಿ, ತೆರಿಗೆ ಮಾತ್ರ ಮಾಫಿಯಿಲ್ಲ. ಚೆನ್ನಾಗಿ ಓದಿದ ಮಗುವಿನ ಮನೆಯವರು ಆ ತೆರಿಗೆ ಯಾಕೆ ಕಟ್ಟಬೇಕೋ, ನನಗೆ ಸರಿ ಕಾಣಲಿಲ್ಲ. 2024ರಿಂದ ಒಂದು ದಾರಿ ತೆರೆದಿದೆ: ಖಾತೆಗೆ 15 ವರ್ಷ ಆಗಿದ್ದರೆ, ಜೀವಮಾನದಲ್ಲಿ ಒಟ್ಟು 35,000 ಡಾಲರ್‌ವರೆಗೆ ಮಗುವಿನದೇ ನಿವೃತ್ತಿ ಖಾತೆಗೆ ಕಂತುಕಂತಾಗಿ ಸಾಗಿಸಬಹುದು. ಅದನ್ನೇ ನೋಡು ಅಂದೆ.

28 ಆಗಸ್ಟ್, ಗುರುವಾರ

ಗೌರಿ ಗಣೇಶ ಮುಗಿಯಿತು. ನಮ್ಮಲ್ಲಿ ತೆರಿಗೆ ಹೇಗೆಂದು ಲೆಕ್ಕಪತ್ರ ನೋಡುವವರನ್ನು ಕೇಳಿದೆ. ಓದಿನ ಖರ್ಚಿಗೆ ಕೊಟ್ಟ ವಿದ್ಯಾರ್ಥಿವೇತನಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 10(16)ರಲ್ಲಿ ವಿನಾಯಿತಿ, ಸುಕನ್ಯಾ ಖಾತೆಯಿಂದ ಬರುವ ಹಣಕ್ಕೆ 10(11ಎ)ಯಲ್ಲಿ. ಒಂದು ಬಂತೆಂದು ಇನ್ನೊಂದು ತಪ್ಪುವುದಿಲ್ಲ. ಆದರೆ ತೆಗೆದ ಹಣವನ್ನು ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟರೆ ಅದರ ಬಡ್ಡಿ ಆದಾಯದ ಲೆಕ್ಕಕ್ಕೆ ಬರುತ್ತದೆ. ಖಾತೆಯಲ್ಲೇ ಬಿಟ್ಟರೆ ಈಗ ಶೇ. 8.2, ತೆರಿಗೆಯಿಲ್ಲದೆ.

1 ಸೆಪ್ಟೆಂಬರ್, ಸೋಮವಾರ

ಅಂಚೆ ಕಚೇರಿಗೆ ಮಗಳೂ ನಾನೂ ಹೋದೆವು. ಹದಿನೆಂಟು ತುಂಬಿರುವುದರಿಂದ ಅರ್ಜಿಗೆ ಅವಳದೇ ಸಹಿ. ಪ್ರವೇಶ ಪತ್ರ, ಫೀಸಿನ ಚೀಟಿ ಲಗತ್ತಿಸಿ 50,000 ಮಾತ್ರ ಕೇಳಿದಳು. ಹೀಗೆ ವರ್ಷಕ್ಕೊಮ್ಮೆಯಂತೆ ಐದು ವರ್ಷ ತೆಗೆಯಬಹುದು. ಮುಂದಿನ ವರ್ಷವೂ ಸ್ಕಾಲರ್‌ಶಿಪ್ ಬಂದರೆ ಇನ್ನೂ ಕಡಿಮೆ ಸಾಕು. ಖಾತೆ ಪಕ್ವವಾಗುವುದು 2036ಕ್ಕೆ. ಹಣ ಕಟ್ಟಲು 2030ರವರೆಗೆ ಅವಕಾಶವಿದೆ, ಈ ತಿಂಗಳ ಸಾವಿರವನ್ನೂ ಅಲ್ಲೇ ಕಟ್ಟಿ ಬಂದೆ.