ಮೆಕ್ಕೆಜೋಳದ ನಾಡಿನ ಎರವಲು ತಂಡಗಳು

ಅಮೆರಿಕದ ನಡುಭಾಗದ ಅಯೋವಾ ರಾಜ್ಯಕ್ಕೆ ಮೇಜರ್ ಲೀಗ್ ಬೇಸ್‌ಬಾಲ್ ತಂಡ ಒಂದೂ ಇಲ್ಲ. ಆದರೂ ಲೀಗಿನ ಪ್ರಸಾರ ನಕ್ಷೆಯಲ್ಲಿ ಅದು ಒಂದಲ್ಲ, ಆರು ತಂಡಗಳ ಸ್ವಂತ ಸೀಮೆ: ಷಿಕಾಗೋದ ಕಬ್ಸ್ ಮತ್ತು ವೈಟ್ ಸಾಕ್ಸ್, ಸೇಂಟ್ ಲೂಯಿಸ್‌ನ ಕಾರ್ಡಿನಲ್ಸ್, ಕನ್ಸಾಸ್ ಸಿಟಿಯ ರಾಯಲ್ಸ್, ಮಿನೆಸೋಟದ ಟ್ವಿನ್ಸ್, ಮಿಲ್ವಾಕಿಯ ಬ್ರೂವರ್ಸ್. ಸ್ವಂತ ಸೀಮೆಯವರು ತಮ್ಮ ತಂಡದ ಆಟವನ್ನು ಸ್ಥಳೀಯ ಚಾನೆಲ್‌ನಲ್ಲೇ ನೋಡಬೇಕು, ಲೀಗಿನ ಇಂಟರ್ನೆಟ್ ಚಂದಾದಲ್ಲಿ ಅದು ಸಿಗದು ಎಂಬುದು ಬಹುಕಾಲ ನಿಯಮವಾಗಿತ್ತು. ಹೀಗಾಗಿ ದುಡ್ಡು ಕಟ್ಟಿ ಚಂದಾದಾರನಾದ ಅಯೋವಾದವನಿಗೆ ವರ್ಷಗಟ್ಟಲೆ ದೂರದ ಸಿಯಾಟಲ್‌ನ ಆಟ ಕಾಣುತ್ತಿತ್ತು; ಹುಟ್ಟಿದಾಗಿನಿಂದ ಜಪಿಸುತ್ತ ಬಂದ ಕಬ್ಸ್ ಆಟಕ್ಕೆ ಪರದೆ ಕಪ್ಪಾಗುತ್ತಿತ್ತು. ಇಷ್ಟಕ್ಕೂ ಈ ಆರರಲ್ಲಿ ರಾಜಧಾನಿ ಡಿ ಮೊಯ್ನ್‌ಗೆ ತೀರಾ ಹತ್ತಿರದ್ದು ಕನ್ಸಾಸ್ ಸಿಟಿ, ಸುಮಾರು 300 ಕಿ.ಮೀ. ಆಚೆ. ಮಿಲ್ವಾಕಿ ಅದರ ಎರಡರಷ್ಟು ದೂರ.

ಇಂಥಲ್ಲಿ ಬೆಳೆಯುವ ಮಕ್ಕಳು ಯಾವ ತಂಡದವರಾಗಬೇಕು ಎಂಬುದನ್ನು ಬಹುಕಾಲ ತೀರ್ಮಾನಿಸಿದ್ದು ಮನೆಯ ರೇಡಿಯೊ. ಮಧ್ಯಮ ತರಂಗಗಳು ರಾತ್ರಿಯ ಹೊತ್ತು ಮೇಲಿನ ವಾತಾವರಣಕ್ಕೆ ತಾಗಿ ನೂರಾರು ಮೈಲಿ ಆಚೆಗೆ ಇಳಿಯುತ್ತವೆ. ಕತ್ತಲಾದರೆ ಸಾಕು, ಸೇಂಟ್ ಲೂಯಿಸ್‌ನ ಕೆಎಂಓಎಕ್ಸ್ ಕೇಂದ್ರ ಅಯೋವಾದ ಕೊಟ್ಟಿಗೆಗಳಿಗೂ ಬರುತ್ತಿತ್ತು. ಅಲ್ಲಿ ಕಾರ್ಡಿನಲ್ಸ್ ಆಟ ಬಣ್ಣಿಸುತ್ತಿದ್ದವನು ಹ್ಯಾರಿ ಕ್ಯಾರಿ. ಅದೇ ಕ್ಯಾರಿ 1982ರಲ್ಲಿ ಕಬ್ಸ್ ಪಾಳೆಯ ಸೇರಿ ಷಿಕಾಗೋದ ಡಬ್ಲ್ಯುಜಿಎನ್ ಟಿವಿಯಲ್ಲಿ ಕೂತ. ಕೇಬಲ್ ಮೂಲಕ ಆ ಚಾನೆಲ್ ದೇಶಕ್ಕೆಲ್ಲ ಹಬ್ಬಿತು. ಕಬ್ಸ್ ಮೈದಾನ ರಿಗ್ಲಿ ಫೀಲ್ಡ್‌ಗೆ 1988ರವರೆಗೆ ದೀಪಗಳೇ ಇರಲಿಲ್ಲವಾದ್ದರಿಂದ ಅಲ್ಲಿಯ ಆಟವೆಲ್ಲ ಹಗಲಲ್ಲೇ. ಶಾಲೆ ಬಿಟ್ಟು ಬಂದು ಚೀಲ ಎಸೆದು ಟಿವಿ ಹಾಕಿದರೆ ಆಟ ಇನ್ನೂ ನಡೆಯುತ್ತಿರುತ್ತಿತ್ತು. ತಾತ ಕಾರ್ಡಿನಲ್ಸ್, ಮೊಮ್ಮಗ ಕಬ್ಸ್. ಇವು ಬದ್ಧವೈರಿ ತಂಡಗಳು. ಒಂದೇ ಗಂಟಲು ಇಬ್ಬರನ್ನೂ ಕೆಡಿಸಿದ್ದು ನ್ಯಾಯವೇ ಎಂದು ಕೇಳುವವರಿಲ್ಲ.

ಅದಕ್ಕೂ ಮೊದಲು ಡಿ ಮೊಯ್ನ್‌ನ ಡಬ್ಲ್ಯುಎಚ್‌ಓ ಕೇಂದ್ರದಲ್ಲಿ ಒಬ್ಬ ತರುಣ ಆಟವನ್ನು ಕಣ್ಣಿನಿಂದ ನೋಡದೆಯೇ ವರ್ಣಿಸುತ್ತಿದ್ದ. ಷಿಕಾಗೋದಿಂದ ತಂತಿಯಲ್ಲಿ ಬರುವ ಚುಟುಕು ಸಂಕೇತಗಳಿಗೆ ರೆಕ್ಕೆಪುಕ್ಕ ಕಟ್ಟುವುದು ಅವನ ಕೆಲಸ. ಹೆಸರು ರೊನಾಲ್ಡ್ ರೇಗನ್. ಒಮ್ಮೆ ಕಬ್ಸ್ ತಂಡದ ಬಿಲ್ಲಿ ಜರ್ಜಸ್ ಬ್ಯಾಟ್ ಹಿಡಿದಿದ್ದಾಗ ತಂತಿ ಕೈಕೊಟ್ಟಿತು. ರೇಗನ್ ಬಾಯಿ ಮುಚ್ಚಲಿಲ್ಲ. ಪಾಪ, ಜರ್ಜಸ್‌ನಿಂದ ಗೆರೆಯಾಚೆ ಹೋಗುವ, ಆಟ ಮುಂದೆ ಸಾಗದ ಹೊಡೆತಗಳನ್ನು, ಫೌಲ್ ಮೇಲೆ ಫೌಲ್, ಹೊಡೆಸಿದ, ಅವನೇ ಆಮೇಲೆ ಹೇಳಿಕೊಂಡಂತೆ ಏಳು ನಿಮಿಷದ ಹತ್ತಿರ. ತಂತಿ ಮರಳಿ ಜೀವ ಪಡೆದಾಗ ಬಂದ ಸುದ್ದಿ: ಜರ್ಜಸ್ ಮೊದಲ ಚೆಂಡಿಗೇ ಔಟ್. 1937ರಲ್ಲಿ ಕಬ್ಸ್ ಅಭ್ಯಾಸ ಶಿಬಿರದ ವರದಿಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋದವನು ಸಿನಿಮಾ ಕಂಪನಿಯಲ್ಲಿ ಪರೀಕ್ಷೆ ಕೊಟ್ಟು ನಟನಾದ. ಮುಂದಿನದು ಎಲ್ಲರಿಗೂ ಗೊತ್ತು.

ಹಾಗಂತ ಅಯೋವಾ ಯಾವತ್ತೂ ದೊಡ್ಡ ಪಂದ್ಯಕ್ಕೆ ಕೈ ಹಾಕಲೇ ಇಲ್ಲ ಎನ್ನುವಂತಿಲ್ಲ. 1875ರಲ್ಲಿ ಮಿಸಿಸಿಪ್ಪಿ ದಡದ ಕಿಯೋಕಕ್ ಎಂಬ ಪುಟ್ಟ ಊರು ಆಗಿನ ವೃತ್ತಿಪರ ಲೀಗ್‌ಗೆ ತಂಡ ಕಳಿಸಿತ್ತು. ಒಂದು ಗೆಲುವು, ಹನ್ನೆರಡು ಸೋಲು. ಹಂಗಾಮು ಮುಗಿಯುವ ಮೊದಲೇ ಗಂಟುಮೂಟೆ. ಆ ಲೀಗನ್ನೇ ಇವತ್ತಿನ ಮೇಜರ್ ಲೀಗ್ ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ಆ ಒಂದು ಗೆಲುವೂ ಹೋಯಿತು.

ಅಯೋವಾ ಮೇಲುಗೈ ಸಾಧಿಸಿದ್ದು ಹುಡುಗರನ್ನು ತಯಾರು ಮಾಡುವುದರಲ್ಲಿ. ರೈತನೊಬ್ಬ ಯಾವುದೋ ದನಿ ಕೇಳಿ ಬೆಳೆದ ಮೆಕ್ಕೆಜೋಳ ಕಡಿದು ಬೇಸ್‌ಬಾಲ್ ಮೈದಾನ ಕಟ್ಟುವ ಕಥೆ 1989ರ ‘ಫೀಲ್ಡ್ ಆಫ್ ಡ್ರೀಮ್ಸ್’ ಸಿನಿಮಾದ್ದು. ಅದನ್ನು ಬರೀ ಕಲ್ಪನೆ ಎಂದುಕೊಂಡವರು ವ್ಯಾನ್ ಮೀಟರ್ ಎಂಬ ಹಳ್ಳಿಯ ಬಿಲ್ ಫೆಲ್ಲರ್‌ನ ಸಂಗತಿ ಕೇಳಬೇಕು. 1930ರ ದಶಕದ ಮೊದಲಲ್ಲೇ ಈ ರೈತ, ಯಾವ ಅಶರೀರವಾಣಿಯ ಸಹಾಯವೂ ಇಲ್ಲದೆ, ತನ್ನ ಹೊಲದಲ್ಲಿ ಮಗನಿಗೊಂದು ಮೈದಾನ ಮಾಡಿಕೊಟ್ಟ. ಮಗನಿಗೆ ಅಭ್ಯಾಸಕ್ಕೆ ಹೊತ್ತು ಸಿಗಲೆಂದು ಮೆಕ್ಕೆಜೋಳ ಬಿಟ್ಟು, ಕೆಲಸ ಕಡಿಮೆ ಬೇಡುವ ಗೋಧಿ ಬಿತ್ತಿದ. ಮಗ ಬಾಬ್‌ನನ್ನು ಕ್ಲೀವ್‌ಲ್ಯಾಂಡ್ ತಂಡ ಒಂದು ಡಾಲರ್ ಮತ್ತು ಸಹಿ ಮಾಡಿದ ಒಂದು ಚೆಂಡು ಕೊಟ್ಟು ಕೊಂಡಿತು. 1936ರಲ್ಲಿ, ಹದಿನೇಳರ ಹರೆಯದಲ್ಲಿ, ಒಂದೇ ಆಟದಲ್ಲಿ 17 ಮಂದಿಯನ್ನು ತನ್ನ ಎಸೆತದಿಂದಲೇ ಔಟ್ (ಸ್ಟ್ರೈಕ್‌ಔಟ್) ಮಾಡಿದ ಹುಡುಗ ಹಂಗಾಮು ಮುಗಿಸಿ ಊರಿಗೆ ಮರಳಿದ್ದು ಹೈಸ್ಕೂಲು ಪೂರೈಸಲು. ಅವನ ಶಾಲೆಯ ಪದವಿ ಸಮಾರಂಭವನ್ನು ಎನ್‌ಬಿಸಿ ರೇಡಿಯೊ ದೇಶಕ್ಕೆಲ್ಲ ಬಿತ್ತರಿಸಿತು.

ತಂಡವಿಲ್ಲದ ಊರಿನವರ ಪಾಡು ಎಂಥದ್ದು ಎಂಬುದಕ್ಕೆ 1939ರ ತಾಯಂದಿರ ದಿನದ ಕಥೆಯೊಂದೇ ಸಾಕು. ಮಗನ ಆಟ ನೋಡಲು ಫೆಲ್ಲರ್ ಮನೆಯವರು ಅಯೋವಾದಿಂದ ಷಿಕಾಗೋಗೆ ಬಂದಿದ್ದರು. ಮಗ ಎಸೆದ ಚೆಂಡನ್ನು ಎದುರಾಳಿ ಬ್ಯಾಟರ್ ಫೌಲ್ ಹೊಡೆದ; ಅಷ್ಟು ಸಾವಿರ ಜನರ ನಡುವೆ ಅದು ಹೋಗಿ ಬಡಿದದ್ದು ತಾಯಿಯ ಮುಖಕ್ಕೇ. ಹೊಲಿಗೆ ಬಿದ್ದವು. ಮಗ ಓಡಿ ಬಂದು ನೋಡಿ, ಮತ್ತೆ ಮೈದಾನಕ್ಕಿಳಿದು ಆಟ ಗೆದ್ದ.

ಹುಡುಗರ ತಯಾರಿಯ ಮಾತಿಗೆ ಮರಳಿದರೆ, ಬೇರೆ ರಾಜ್ಯಗಳ ಹೈಸ್ಕೂಲುಗಳು ವಸಂತದಲ್ಲಿ ಬೇಸ್‌ಬಾಲ್ ಆಡಿ ಮುಗಿಸಿದರೆ, ಅಯೋವಾ ಮಾತ್ರ ಬೇಸಿಗೆ ರಜೆಯಲ್ಲಿ ಆಡುತ್ತದೆ. ರಾಜ್ಯ ಪ್ರಶಸ್ತಿಯ ಪಂದ್ಯಗಳು ಜುಲೈ ಕೊನೆಗೆ. ಸುಮಾರು ಐನೂರು ಜನರ ನಾರ್ವೆ ಎಂಬ ಊರಿನ ಶಾಲೆ ಒಟ್ಟು 20 ರಾಜ್ಯ ಪ್ರಶಸ್ತಿ ಗೆದ್ದಿತು. ಅಲ್ಲಿ ಬೆಳೆದ ಮೈಕ್ ಬಾಡಿಕರ್ 1983ರ ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗಿನ ಅಂತಿಮ ಸರಣಿ, ಗೆದ್ದ ಬಾಲ್ಟಿಮೋರ್ ತಂಡದ ಪಿಚರ್ (ಚೆಂಡೆಸೆಗಾರ). 1991ರಲ್ಲಿ ಶಾಲೆಯನ್ನು ಪಕ್ಕದ ದೊಡ್ಡ ಶಾಲೆಯೊಳಗೆ ಸೇರಿಸಲಾಯಿತು. ಹುಡುಗರು ಆ ಕೊನೆಯ ವರ್ಷವೂ ಗೆದ್ದೇ ಬಾಗಿಲು ಹಾಕಿದರು.

ಡಿ ಮೊಯ್ನ್‌ನಲ್ಲೂ ಒಂದು ತಂಡವಿದೆ, ಅಯೋವಾ ಕಬ್ಸ್. ಷಿಕಾಗೋ ಕಬ್ಸ್‌ನ ಒಂದು ಮೆಟ್ಟಿಲು ಕೆಳಗಿನ ತಂಡ, 1981ರಿಂದ. ಕ್ರೀಡಾಂಗಣದಲ್ಲಿ ಕೂತರೆ ಮೈದಾನದಾಚೆ ರಾಜ್ಯ ಶಾಸನಸಭೆಯ ಚಿನ್ನದ ಗುಮ್ಮಟ ಹೊಳೆಯುತ್ತದೆ. ಇದು ರೈಲು ಬದಲಿಸುವ ಜಂಕ್ಷನ್ ಇದ್ದ ಹಾಗೆ: ಮೇಲೆ ಹೋಗುವ ಹುಡುಗರು, ಗಾಯ ಮಾಡಿಕೊಂಡು ನಾಲ್ಕು ದಿನಕ್ಕೆ ಇಳಿದು ಬರುವ ತಾರೆಯರು, ಉಳಿಯುವವರು ಯಾರೂ ಇಲ್ಲ. ಚೆನ್ನಾಗಿ ಆಡಿದವನನ್ನು ಮೇಲಿನವರು ಕರೆದೊಯ್ಯುತ್ತಾರೆ. ಅಭಿಮಾನಿಗೆ ಅದು ಹೆಮ್ಮೆಯೂ ಹೌದು, ಲುಕ್ಸಾನೂ ಹೌದು. 108 ವರ್ಷ ಕಾದು ಕಬ್ಸ್ 2016ರ ವರ್ಲ್ಡ್ ಸೀರೀಸ್ ಗೆದ್ದಾಗ ಕೊನೆಯ ಚೆಂಡನ್ನು ಹೆಕ್ಕಿ ಎಸೆದವನು ಕ್ರಿಸ್ ಬ್ರಯಂಟ್, ಹಿಡಿದವನು ಆಂಟನಿ ರಿಝೋ. ಇಬ್ಬರೂ ಡಿ ಮೊಯ್ನ್ ದಾಟಿ ಹೋದವರು.

ಕೊನೆಗೂ 2021ರ ಆಗಸ್ಟ್ 12ರಂದು ಮೇಜರ್ ಲೀಗ್ ತಾನಾಗಿಯೇ ಅಯೋವಾಕ್ಕೆ ಬಂತು. ‘ಫೀಲ್ಡ್ ಆಫ್ ಡ್ರೀಮ್ಸ್’ ತೆಗೆದ ಡೈಯರ್ಸ್‌ವಿಲ್‌ನ ಹೊಲದ ಪಕ್ಕ 8,000 ಆಸನಗಳ ತಾತ್ಕಾಲಿಕ ಕ್ರೀಡಾಂಗಣ ಎದ್ದಿತು. ಆಟಗಾರರು ಸಿನಿಮಾದಲ್ಲಿದ್ದಂತೆಯೇ ಮೆಕ್ಕೆಜೋಳದ ಸಾಲಿನ ನಡುವಿನಿಂದ ನಡೆದು ಬಂದರು. ವೈಟ್ ಸಾಕ್ಸ್‌ನ ಟಿಮ್ ಆಂಡರ್ಸನ್ ಕೊನೆಯಲ್ಲಿ ಹೊಡೆದ ಹೋಮ್ ರನ್ ಪೈರಿನೊಳಗೆ ಹೋಗಿ ಬಿತ್ತು. ಎದುರಾಳಿ ಯಾಂಕೀಸ್ ತಂಡಕ್ಕೆ 9-8ರ ಸೋಲು. ಟಿವಿಯಲ್ಲಿ ಅದೊಂದು ಹಬ್ಬ.

ಆದರೆ ಅದೇ ಲೀಗ್ ಎಂಟು ತಿಂಗಳ ಹಿಂದಷ್ಟೇ, 2020ರ ಡಿಸೆಂಬರಿನಲ್ಲಿ, ತನ್ನ ಕೆಳಹಂತದ ತಂಡಗಳನ್ನು 120ಕ್ಕೆ ಇಳಿಸಿತ್ತು. ಕೈಬಿಟ್ಟವುಗಳಲ್ಲಿ ಅಯೋವಾದ ಎರಡು ನದಿತೀರದ ಊರುಗಳ ತಂಡಗಳಿದ್ದವು, ಬರ್ಲಿಂಗ್ಟನ್ ಮತ್ತು ಕ್ಲಿಂಟನ್. ಕ್ಲಿಂಟನ್‌ನ ಮೈದಾನ 1937ರದ್ದು. ಎರಡೂ ಊರಿನವರು ಬೀಗ ಹಾಕಲಿಲ್ಲ. ಕಾಲೇಜು ಹುಡುಗರು ಆಡುವ ಪ್ರಾಸ್ಪೆಕ್ಟ್ ಲೀಗ್ ಸೇರಿ ಮರುಬೇಸಿಗೆಯಲ್ಲೇ ಆಟ ಶುರು ಮಾಡಿದರು.