ಮೂಡಲಪಾಳ್ಯದಿಂದ ಹೊರಟರೆ ಒಂದು ದಿನದಲ್ಲಿ ಅರಮನೆ, ಮ್ಯೂಸಿಯಂ

ಹೆಸರಿನಲ್ಲಿ ಮೂಡಲ ದಿಕ್ಕಿದ್ದರೂ ಮೂಡಲಪಾಳ್ಯ ಇರುವುದು ಬೆಂಗಳೂರಿನ ಪಡುವಣ ಭಾಗದಲ್ಲಿ. ಶಾಲಾ ಪ್ರವಾಸವೆಂದರೆ ಮೈಸೂರು, ಶ್ರೀರಂಗಪಟ್ಟಣ ಎಂಬುದು ಈ ಭಾಗದಲ್ಲೂ ರೂಢಿ. ಏಳೆಂಟು ಕಿಲೋಮೀಟರ್ ದೂರದ ತಮ್ಮೂರಿನ ಅರಮನೆಯನ್ನೇ ಕಾಣದೆ ಎಸ್ಸೆಸ್ಸೆಲ್ಸಿ ಮುಗಿಸುವ ಮಕ್ಕಳುಂಟು. ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಹೊರಟರೆ ಈ ಕೊರತೆ ನೀಗುತ್ತದೆ.

ವಿಜಯನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿದರೆ ಕೆ.ಆರ್. ಮಾರ್ಕೆಟ್. ಹೂವಿನ ರಾಶಿ, ಬಸ್ಸುಗಳ ಗದ್ದಲದ ಪಕ್ಕದಲ್ಲೇ ಕೋಟೆಯ ಕಲ್ಲುಗೋಡೆ ಎದುರಾಗುತ್ತದೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ್ದು ಮಣ್ಣಿನ ಕೋಟೆ. 1761ರಲ್ಲಿ ಹೈದರಾಲಿ ಅದನ್ನು ಕಲ್ಲಿನಲ್ಲಿ ಕಟ್ಟಿಸಿದ. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸನ ಸೈನ್ಯ ಗೋಡೆ ಒಡೆದು ಒಳನುಗ್ಗಿದ ಜಾಗವನ್ನು ಒಂದು ಫಲಕ ತೋರಿಸುತ್ತದೆ. ಇಂದು ಉಳಿದಿರುವುದು ದೆಹಲಿ ಬಾಗಿಲಿನ ಕಡೆಯ ಒಂದು ತುಣುಕು ಮಾತ್ರ.

ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ; ಅದರ ಮಗ್ಗುಲಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ. ಹೈದರಾಲಿ 1781ರಲ್ಲಿ ಆರಂಭಿಸಿದ ಕೆಲಸವನ್ನು ಟಿಪ್ಪು 1791ರಲ್ಲಿ ಮುಗಿಸಿದ. ಕೋಟೆ ಕೈತಪ್ಪಿದ್ದೂ ಅದೇ ವರ್ಷ! ಮೈಸೂರಿನ ವೈಭವವನ್ನು ನಿರೀಕ್ಷಿಸಿ ಬಂದ ಮಕ್ಕಳಿಗೆ ಇಲ್ಲಿ ಮೊದಲು ನಿರಾಸೆಯಾಗಬಹುದು. ಚಿನ್ನವಿಲ್ಲ, ಸಿಂಹಾಸನವಿಲ್ಲ. ತೇಗದ ಕಂಬಗಳು, ಕಮಾನುಗಳು, ಮಾಸಿದ ಬಣ್ಣದ ಚಿತ್ತಾರ, ಮೇಲ್ಮಹಡಿಯ ತಂಪು ಗಾಳಿ ಇಷ್ಟೇ. ಆದರೆ ಮರದ ಕೆಲಸವನ್ನು ನಿಧಾನವಾಗಿ ನೋಡಿದಷ್ಟೂ ಕಟ್ಟಡ ಹಿಡಿಸುತ್ತದೆ. ಇಂಗ್ಲಿಷ್ ಸಿಪಾಯಿಯ ಮೇಲೆರಗಿದ ಹುಲಿಯ ಬೊಂಬೆ ಇಲ್ಲಿರುವುದು ನಕಲು. ಅಸಲಿಯನ್ನು ನೋಡಲು ಲಂಡನ್ನಿಗೇ ಹೋಗಬೇಕು. ಏಕೆ ಎಂದು ಮಕ್ಕಳು ಕೇಳಿದರೆ 1799ರ ಶ್ರೀರಂಗಪಟ್ಟಣದ ಕಥೆ ಹೇಳಲು ತಂದೆ-ತಾಯಿ ಸಿದ್ಧರಿರಬೇಕು.

ಟಿಪ್ಪುವಿನ ನಂತರ ಈ ಅರಮನೆ ಸರ್ಕಾರಿ ಕಚೇರಿಯಾಯಿತು. 1868ರಲ್ಲಿ ಕಚೇರಿಗಳು ಹೊಸದಾಗಿ ಕಟ್ಟಿದ ಕೆಂಪು ಬಣ್ಣದ ಅಠಾರಾ ಕಚೇರಿಗೆ, ಅಂದರೆ ಇಂದಿನ ಹೈಕೋರ್ಟಿಗೆ, ಸಾಗಿದವು. ಪ್ರವಾಸಿಗರ ಮುಂದಿನ ದಾರಿಯೂ ಅದೇ: ಕಬ್ಬನ್ ಪಾರ್ಕ್. ಮರದ ನೆರಳಲ್ಲಿ ದಣಿವಾರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು.

ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ ಶುರುವಾದದ್ದು 1865ರಲ್ಲಿ, ವೈದ್ಯ ಎಡ್ವರ್ಡ್ ಬಾಲ್ಫರ್ ಅವರ ಪ್ರಯತ್ನದಿಂದ. 1877ರ ಈ ಕಟ್ಟಡವನ್ನು ರೂಪಿಸಿದವರು ಸ್ಯಾಂಕಿ ಕೆರೆಗೆ ಹೆಸರು ಕೊಟ್ಟ ಸ್ಯಾಂಕಿಯವರೇ. ಇಲ್ಲಿನ ಸಂಗ್ರಹದಲ್ಲಿ ಮಕ್ಕಳು ತಪ್ಪದೆ ಹುಡುಕಬೇಕಾದದ್ದು ಕ್ರಿ.ಶ. 949ರ ಆತಕೂರಿನ ಶಾಸನ. ಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ಬೇಟೆನಾಯಿಗಾಗಿ ಅದರ ಒಡೆಯ ಮಣಲೆರ ನಿಲ್ಲಿಸಿದ ಕಲ್ಲು ಅದು. ರಾಜರ ಹೆಸರು ಮರೆತ ಮಗುವೂ ಕಾಳಿಯನ್ನು ಮರೆಯಲಾರದು.

ಪಕ್ಕದ ವಿಶ್ವೇಶ್ವರಯ್ಯ ತಾಂತ್ರಿಕ ಮ್ಯೂಸಿಯಂಗೆ ಉಳಿದ ಮಧ್ಯಾಹ್ನವೂ ಸಾಲದು. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಮಾದರಿ ಇಲ್ಲಿದೆ; ಬೆಂಗಳೂರಿನ ಎಚ್‌ಎಎಲ್ ತಯಾರಿಸಿ 1961ರಲ್ಲಿ ಹಾರಿಸಿದ ಮಾರುತ್ ಯುದ್ಧವಿಮಾನದ ಮಾದರಿಯದೊಂದು ವಿಮಾನವೂ ಇದೆ. ಗುಂಡಿ ಒತ್ತಿ ಓಡುವ ಮಕ್ಕಳನ್ನು ನಿಲ್ಲಿಸಿ, 'ಇದು ಹೇಗೆ ನಡೆಯಿತು?' ಎಂದು ಕೇಳಿದರೆ ಟಿಕೆಟ್ಟಿನ ಹಣ ಸಾರ್ಥಕ.

ದಿನಕ್ಕೆ ಹತ್ತು ಸ್ಥಳ ಮುಗಿಸುವ ಆತುರ ಬೇಡ. ಈ ನಾಲ್ಕೇ ಸಾಕು. ಕೋಟೆಯ ಬಹುಭಾಗ ಊರಿನ ಬೆಳವಣಿಗೆಯಲ್ಲಿ ಕರಗಿಹೋಯಿತು. ಉಳಿದ ತುಣುಕನ್ನು ನಾಳೆ ಕಾಯಬೇಕಾದವರು ಇಂದಿನ ಮಕ್ಕಳು. ಕಣ್ಣಾರೆ ಕಾಣದ್ದನ್ನು ಕಾಯುವ ಮನಸ್ಸು ಯಾರಿಗೂ ಬಾರದು.

ಟಿಪ್ಪು ಅರಮನೆಯಲ್ಲಿ 15 ವರ್ಷದೊಳಗಿನವರಿಗೆ ಪ್ರವೇಶ ಉಚಿತ. ಮ್ಯೂಸಿಯಂಗಳು ದುರಸ್ತಿಗಾಗಿ ಮುಚ್ಚಿರುವುದೂ ಉಂಟು. ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು.