ಮಾಗಡಿಯಲ್ಲಿ ಕೌದಿ ಕಲಿತದ್ದು

ಉರ್ದು ಶಾಲೆಯಲ್ಲಿದ್ದಾಗ ನಮ್ಮ ಮಾಸ್ತರರು 'ಪೈವಂದ್' ಎಂಬ ಶಬ್ದಕ್ಕೆ ಎರಡು ಅರ್ಥ ಹೇಳಿಕೊಟ್ಟಿದ್ದರು. ಹರಿದ ಬಟ್ಟೆಗೆ ಹಚ್ಚುವ ತುಂಡೂ ಪೈವಂದ್, ಮಾವಿನ ಗಿಡಕ್ಕೆ ಕಟ್ಟುವ ಕಸಿಯೂ ಪೈವಂದ್. ಎಂಟನೇ ಇಯತ್ತೆಗೆ ಕನ್ನಡ ಶಾಲೆಗೆ ಬಂದಾಗ ನನಗೆ 'ತೇಪೆ' ಸಿಕ್ಕಿತು. ಅದಕ್ಕೆ ಗಿಡದ ಅರ್ಥ ಇರಲಿಲ್ಲ. ಸರಕಾರದ ಅರೆಬರೆ ಕೆಲಸವನ್ನು ಪತ್ರಿಕೆಯವರು ತೇಪೆ ಹಚ್ಚುವ ಕೆಲಸ ಎಂದು ಬರೆಯುತ್ತಿದ್ದರು. ಲಂಗಕ್ಕೆ ತೇಪೆ ಇದ್ದ ಹುಡುಗಿಯರು ನಾವು ಕೊನೆಯ ಸಾಲಿನಲ್ಲಿ ಗೋಡೆಗೆ ಆತು ಕೂಡುತ್ತಿದ್ದೆವು. ಈ ಎರಡು ಶಬ್ದಗಳ ನಡುವಿನ ದೂರ ನನಗೆ ಮತ್ತೆ ನೆನಪಾದದ್ದು ಮಾಗಡಿಯ ಶಾಲೆಯಲ್ಲಿ.

ಇದು ಕೆಂಪೇಗೌಡರ ಮಾಗಡಿ ಅಲ್ಲ, ನಮ್ಮ ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಮಾಗಡಿ. ಗದಗದಿಂದ ಲಕ್ಷ್ಮೇಶ್ವರಕ್ಕೆ ಹೋಗುವ ದಾರಿಯಲ್ಲಿ, ಸುಮಾರು 26 ಕಿ.ಮೀ. ದೂರದಲ್ಲಿದೆ. ಮಳೆ ನೀರು ನಿಲ್ಲಿಸಿ ಹೊಲಕ್ಕೆ ಹಾಯಿಸಲೆಂದು ಹಿಂದಿನವರು ಕಟ್ಟಿದ ಕೆರೆ ಅಲ್ಲಿದೆ, 50 ಹೆಕ್ಟೇರಿನಷ್ಟು. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಬಂದು ಇಳಿಯುತ್ತವೆ. 2024ರಲ್ಲಿ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿನ ಲೆಕ್ಕದ ಪ್ರಕಾರ 166 ಜಾತಿಯ ಹಕ್ಕಿಗಳು, ಅದರಲ್ಲಿ 130 ವಲಸೆ ಬರುವವು. ಹೀಗಾಗಿ ಡಿಸೆಂಬರ್ ಬಂತೆಂದರೆ ದೂರದ ಊರುಗಳಿಂದ ಕ್ಯಾಮೆರಾ ಹೊತ್ತವರೂ ಬರುತ್ತಾರೆ. ಊರೊಳಗೆ ಹೋಗುವವರು ಕಡಿಮೆ.

ನಾನು ಊರೊಳಗೆ ಹೋದದ್ದು ಇಂಟರ್ನ್ ಆಗಿ. ಇಂಟರ್ನ್ ಎಂದರೆ ಡಾಕ್ಟರಿಕೆ ಓದಿದ ಹುಡುಗರು ಆಸ್ಪತ್ರೆಯಲ್ಲಿ ಮಾಡುವುದು ಎಂದಷ್ಟೇ ತಿಳಿದಿದ್ದ ನಮ್ಮ ಮನೆಯಲ್ಲಿ ದೊಡ್ಡ ನಗೆಯೆದ್ದಿತು. "ಪಗಾರ ಇಲ್ಲದ ನೌಕರಿ ಅಂತ ಹೇಳು" ಎಂದರು ನಮ್ಮವರು. "ಅಮ್ಮೀ, ಇದನ್ನು ಕಾಲೇಜಿನವರು ಮಾಡುತ್ತಾರೆ" ಎಂದಳು ಮಗಳು. ಗದಗದಲ್ಲಿ ನಾಲ್ಕೈದು ಯುವಕ ಯುವತಿಯರು ಕೂಡಿ ಒಂದು ಸಣ್ಣ ಸಂಸ್ಥೆ ನಡೆಸುತ್ತಾರೆ. ಹೆಸರು ಇಲ್ಲಿ ಬೇಡ. ಅಂಗಡಿಗಳಿಂದ ರಟ್ಟಿನ ಡಬ್ಬಿ, ದರ್ಜಿಗಳಿಂದ ಚಿಂದಿ, ಮದುವೆ ಮುಗಿದ ಮನೆಗಳಿಂದ ಲಗ್ನಪತ್ರಿಕೆ, ಜಾತ್ರೆ ಮುಗಿದ ಊರುಗಳಿಂದ ಫ್ಲೆಕ್ಸು ಇವನ್ನೆಲ್ಲ ಕೂಡಿಸಿ, ತೊಳೆದು, ಬೇರ್ಪಡಿಸಿ, ಶನಿವಾರಕ್ಕೊಮ್ಮೆ ಹಳ್ಳಿ ಶಾಲೆಗಳಿಗೆ ಒಯ್ದು ಮಕ್ಕಳಿಗೆ ಚಿತ್ರ, ಗೊಂಬೆ, ಮುಖವಾಡ ಕಲಿಸುವುದು ಅವರ ಕೆಲಸ. ಒಳ್ಳೆಯ ಹುಡುಗರು. ಕಥೆ ಬರೆಯುವ ನನಗೂ ಮಕ್ಕಳ ನಡುವೆ ಕೂಡಲು ಒಂದು ನೆವ ಬೇಕಿತ್ತು. 2024ರ ಡಿಸೆಂಬರ್‌ನಿಂದ ಮೂರು ತಿಂಗಳು ಎಂದು ಮಾತಾಯಿತು.

ಈ ಕೆಲಸಕ್ಕೆ ಜಗತ್ತಿನಲ್ಲಿ ದೊಡ್ಡ ದೊಡ್ಡ ಮಾದರಿಗಳಿವೆ. ನ್ಯೂಯಾರ್ಕ್ ನಗರದಲ್ಲಿ 1978ರಲ್ಲೇ 'ಮೆಟೀರಿಯಲ್ಸ್ ಫಾರ್ ದಿ ಆರ್ಟ್ಸ್' ಎಂಬುದು ಶುರುವಾಯಿತು. ಕಂಪನಿಗಳಿಗೆ ಬೇಡವಾದ ಸಾಮಾನು ಶಾಲೆಗಳಿಗೂ ಕಲಾವಿದರಿಗೂ ಪುಕ್ಕಟೆ ಸಿಗುತ್ತದೆ. ಇಟಲಿಯ ರೆಜ್ಜೋ ಎಮೀಲಿಯಾ ಎಂಬ ಊರು ಚಿಕ್ಕ ಮಕ್ಕಳ ಶಾಲೆಗಳಿಗೆ ಹೆಸರಾದದ್ದು. ಅಲ್ಲಿ 1996ರಲ್ಲಿ 'ರೆಮಿದಾ' ಎಂಬ ಕೇಂದ್ರ ಹುಟ್ಟಿತು. ಕಾರಖಾನೆಯಲ್ಲಿ ಉಳಿದ ಚೂರುಪಾರು ಅಲ್ಲಿ ಮಕ್ಕಳ ಪಾಠದ ಸಾಮಗ್ರಿ. ನಮ್ಮ ಹುಡುಗರು ಇವನ್ನೆಲ್ಲ ಓದಿಕೊಂಡಿದ್ದರು. ಆದರೆ ನ್ಯೂಯಾರ್ಕಿನಲ್ಲಿ ಎಸೆಯುವವರು ಬಹಳ. ಮಾಗಡಿಯಲ್ಲಿ ಎಸೆಯುವವರು ಯಾರು?

ಮೊದಲ ಶನಿವಾರ ಫಲಕದ ಮೇಲೆ 'ಕಸದಿಂದ ರಸ' ಎಂದು ಬರೆದೆವು. ಮುಂದಿನ ವಾರ ಮನೆಯಲ್ಲಿ ಬಿಸಾಡುವ ವಸ್ತು ತರಬೇಕು ಎಂದು ಪಟ್ಟಿ ಕೊಟ್ಟೆವು. ಥರ್ಮೋಕೋಲ್, ಐಸ್‌ಕ್ರೀಂ ಕಡ್ಡಿ, ನೀರಿನ ಬಾಟಲಿ, ಬಣ್ಣದ ಕಾಗದ. ಎರಡನೇ ವಾರ ಹತ್ತಾರು ಮಕ್ಕಳ ಕೈಯಲ್ಲಿ ಐಸ್‌ಕ್ರೀಂ ಕಡ್ಡಿಯ ಹೊಸ ಪಾಕೀಟುಗಳು! ಅವರ ಅವ್ವಂದಿರು ಲಕ್ಷ್ಮೇಶ್ವರದ ಸ್ಟೇಶನರಿ ಅಂಗಡಿಯಿಂದ ತರಿಸಿದ್ದರು. ಐಸ್‌ಕ್ರೀಂ ಕಾಣದ ಕಡ್ಡಿಗಳು. ಕಸವನ್ನೂ ರೊಕ್ಕ ಕೊಟ್ಟು ಕೊಳ್ಳುವ ಹಾಗಾಯಿತಲ್ಲ ಎಂದು ನಗಬೇಕೆನಿಸಿತು. ಆದರೆ ಆರನೇ ಇಯತ್ತೆಯ ಒಬ್ಬ ಹುಡುಗಿ ಖಾಲಿ ಕೈಯಲ್ಲಿ ಬಂದಿದ್ದಳು. ಮೂರನೇ ವಾರವೂ ಹಾಗೆಯೇ. ಬದಿಗೆ ಕರೆದು ಕೇಳಿದೆ.

"ನಮ್ಮನ್ಯಾಗ ಒಗಿಯೂದು ಏನೂ ಇಲ್ರಿ ಅಕ್ಕಾರ" ಎಂದಳು.

ನಿಜವೇ. ಜೋಳದ ಕಣಿಕೆ ದನಕ್ಕೆ, ಸಗಣಿ ಕುಳ್ಳಿಗೆ, ಬೂದಿ ಭಾಂಡೆ ತಿಕ್ಕಲು. ಎಣ್ಣೆಯ ಡಬ್ಬಿಯಲ್ಲಿ ನೀರು, ಒಡೆದ ಬಕೀಟಿನಲ್ಲಿ ತುಳಸಿ. ಸೈಕಲ್ಲಿನ ಹಳೇ ಟಾಯರು ಹುಡುಗರ ಗಾಡಿ. ಹಳೇ ಸೀರೆ ಕೌದಿಗೆ, ಕೌದಿ ಹರಿದರೆ ಕೆಳಗೆ ಹಾಸಲು, ಅದೂ ಹರಿದರೆ ನೆಲ ಒರೆಸಲು. ಹೀಗೆ ಬಾಳುವ ಮನೆಯ ಮಗುವಿಗೆ ನಾವು, ನಿನ್ನ ಮನೆಯ ಕಸ ತಾ, ಅದರಿಂದ ಕಲೆ ಮಾಡುವುದನ್ನು ಕಲಿಸುತ್ತೇವೆ ಎಂದು ಹೇಳುತ್ತಿದ್ದೆವು. ಅವಳ ಅಜ್ಜಿ ಊರಿಗೆಲ್ಲ ಕೌದಿ ಹೊಲಿದುಕೊಡುತ್ತಾಳೆಂಬುದನ್ನು ಬೇರೆ ಮಕ್ಕಳು ಹೇಳಿದರು. ಹುಡುಗಿ ತಲೆ ತಗ್ಗಿಸಿದಳು. ಹಳೇ ಅರಿವೆಯ ಮಾತು ಸಾಲಿಯಲ್ಲಿ ಆಡುವಂಥದಲ್ಲ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ, ಕೊನೆಯ ಸಾಲಿನಲ್ಲಿ ಕೂತೇ ತಿಳಿದಿತ್ತು.

ಆ ಸಂಜೆ ಅವರ ಮನೆಗೆ ಹೋದೆ. ಆಮೇಲೆ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಅಲ್ಲಿಯೇ. ನನ್ನ ಶಾಗಿರ್ದಿ ನಡೆದದ್ದು ಆ ಪಡಸಾಲೆಯಲ್ಲಿ ಎಂದರೂ ತಪ್ಪಿಲ್ಲ. ಆಯಿಗೆ ಎಪ್ಪತ್ತರ ಮೇಲೆ ವಯಸ್ಸು. ಸೂಜಿಗೆ ದಾರ ಪೋಣಿಸಲು ಮೊಮ್ಮಗಳು ಬೇಕು, ಉಳಿದದ್ದೆಲ್ಲ ಬೆರಳಿಗೇ ಗೊತ್ತು. ನಾನು ಲಕ್ಷ್ಮೇಶ್ವರದವಳು, ಮುಸಲರ ಮನೆಯವಳು ಎಂದಾಗ, "ನಿಮ್ಮೂರಾಗ ದೂದಪೀರನ ದರ್ಗಾದ ಹಿಂದಿನ ಓಣ್ಯಾಗ ಭಾಳ ಮನಿಗೆ ಹೊಲದು ಕೊಟ್ಟೇನಿ ತಂಗಿ. ಬೂಬುಗಳು ಅರಿವಿ ಚಲೋ ಒಗದು ಕೊಡತಿದ್ರು" ಎಂದಳು. ನಾನು ಚಿಕ್ಕವಳಿದ್ದಾಗ ನಮ್ಮ ಓಣಿಗೂ ಕೌದಿ ಹೊಲಿಯುವವರು ಬರುತ್ತಿದ್ದರು. ನಾವು ಅದಕ್ಕೆ ಗುದಡಿ ಎನ್ನುತ್ತಿದ್ದೆವು. ಅಮ್ಮ ಗಂಟು ಬಿಚ್ಚಿ ಬಟ್ಟೆ ಕೊಡುತ್ತಿದ್ದಳು, ಕೂಲಿಯಲ್ಲಿ ಅರ್ಧ ಜೋಳ, ಅರ್ಧ ರೊಕ್ಕ.

ಕೌದಿಗೆ ಚೌಕಟ್ಟಿಲ್ಲ, ಗುರುತಿನ ಸೀಸವಿಲ್ಲ, ಅಳತೆಯ ಟೇಪಿಲ್ಲ. ಧೋತರ ಅಥವಾ ಹಳೇ ಸೀರೆ ತಳಕ್ಕೆ ಹಾಸಿ ನಾಲ್ಕು ಮೂಲೆಗೆ ಕಲ್ಲು ಇಡಬೇಕು. ನಡುವಿನ ಪದರಿಗೆ ತೀರ ಜೂನಾದ ಬಟ್ಟೆ. ಮೇಲೆ ಖಣದ ತುಂಡು, ಅಂಗಿಯ ತುಂಡು, ಸೀರೆಯ ಸೆರಗು. ಆಯಿ ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಒಳಗೆ ಬರುತ್ತಾಳೆ. ಒಂದು ಹೊಲಿಗೆಯ ಸಾಲಿಗೂ ಇನ್ನೊಂದಕ್ಕೂ ಬೆರಳಿನಷ್ಟು ಅಂತರ. ಬಣ್ಣ ಹೇಗೆ ಆರಿಸುತ್ತೀ ಎಂದರೆ, "ಕೆಂಪಿನ ಮಗ್ಗಲ ಕೆಂಪು ಇಟ್ರ ಎರಡೂ ಮಂಕ ಆಗತಾವು" ಎನ್ನುತ್ತಾಳೆ. ಚಿತ್ರಕಲೆಯ ಮಾಸ್ತರರು ಬಣ್ಣದ ಚಕ್ರ ಬರೆದು ಒಂದು ತಾಸು ಹೇಳುವ ಪಾಠ ಇದು. ಚೌಕದ ತುಂಡನ್ನು ಮೂಲೆಯಿಂದ ಮೂಲೆಗೆ ಮಡಚಿ ತ್ರಿಕೋನ, ಅದನ್ನು ಮತ್ತೆ ಮಡಚಿ ಇನ್ನೊಂದು ತ್ರಿಕೋನ. ಐದನೇ ಇಯತ್ತೆಯ ಅರ್ಧ, ಕಾಲು, ಅರೆಕಾಲು ಅಲ್ಲಿಯೇ ನೆಲದ ಮೇಲಿತ್ತು. ಕೊನೆಯ ತೆರಪು ಮುಚ್ಚುವ ಮೊದಲು ನಾಲ್ಕು ಕಾಳು ಜೋಳ ಒಳಗೆ ಹಾಕಿದಳು. "ಅದರ ಹೊಟ್ಟಿ ಖಾಲಿ ಇರಬಾರದು."

ಈಗಿನ ತಾಪತ್ರಯ ಬೇರೆ. ಹತ್ತಿ ಸೀರೆ ಉಡುವವರು ಕಡಿಮೆ. ಸಿಂಥೆಟಿಕ್ ಸೀರೆ ಜಾರುತ್ತದೆ, ಬೆವರು ಹೀರುವುದಿಲ್ಲ, ಚಳಿಗೆ ತಣ್ಣಗೆ, ಸೆಕೆಗೆ ಬಿಸಿ. ಬಾಣಂತಿಯ ತೊಟ್ಟಿಲಿಗೆ ಅದನ್ನು ಹಾಕಲು ಆಯಿ ಒಪ್ಪುವುದಿಲ್ಲ. ಮೇಲಾಗಿ ಸಂತೆಯಲ್ಲಿ ಅಗ್ಗದ ರಗ್ಗು ಸಿಗುತ್ತದೆ. ರಗ್ಗಿನದೊಂದು ಕಥೆ ಇದೆ. ಹರಿಯಾಣದ ಪಾಣಿಪತ್ತಿಗೆ ದಶಕಗಳ ಕಾಲ ಯುರೋಪು, ಅಮೆರಿಕದವರು ಉಟ್ಟು ಬಿಟ್ಟ ಉಣ್ಣೆಯ ಬಟ್ಟೆಗಳು ಹಡಗಿನಲ್ಲಿ ಬಂದಿವೆ. ಅವನ್ನು ಹರಿದು, ಹಿಂಜಿ, ಮತ್ತೆ ನೂಲು ಮಾಡಿ ನೇಯ್ದ ಕಂಬಳಿಗಳು ದೇಶದ ತುಂಬ ಮಾರಾಟವಾಗಿವೆ. ನಮ್ಮವ್ವನ ಹಳೇ ಸೀರೆ ಹೊದೆಯಲು ನಾಚಿಕೊಂಡ ನಾವು, ಯಾವುದೋ ದೇಶದ ಯಾರದೋ ಹಳೇ ಕೋಟು ಹೊದ್ದು, ಹೊಸ ರಗ್ಗು ತಂದೆವೆಂದು ಬೀಗಿದ್ದೂ ಇರಬಹುದು.

ಕೌದಿಗೆ ಬೆಲೆ ಇಲ್ಲವೆಂದಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅಲ್ಲಿಯ ಪ್ರದರ್ಶನಗಳಿಗೆ ಒಯ್ದರು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ, ಹೊಲಿಗೆ ಒಂದೇ. ಬೆಂಗಳೂರಿನ ಅಂಗಡಿಗಳಲ್ಲೂ ಕೌದಿ ಸಿಗುತ್ತದೆ, ಎಷ್ಟೋ ಸಲ ಹೊಸ ಬಟ್ಟೆ ಕತ್ತರಿಸಿ ಹೊಲಿದದ್ದು. ಅದನ್ನು ಕೊಳ್ಳುವವರಿಗೆ ಹಳೇ ಬಟ್ಟೆಯ ಚಂದ ಬೇಕು, ಹಳೇ ಬಟ್ಟೆ ಬೇಡ.

ಆಯಿಯನ್ನು ಶಾಲೆಗೆ ಕರೆಸೋಣ ಎಂದು ಸಂಸ್ಥೆಯ ಸಭೆಯಲ್ಲಿ ಹೇಳಿದೆ. ಎಲ್ಲರೂ ಒಪ್ಪಿದರು. ಗದಗದಿಂದ ಬಂದ ಚಿತ್ರ ಕಲಾವಿದರಿಗೆ ಒಂದು ದಿನಕ್ಕೆ ಸಾವಿರ ರೂಪಾಯಿ ಗೌರವಧನ ಕೊಟ್ಟಿದ್ದೆವು, ಆಯಿಗೂ ಅಷ್ಟೇ ಕೊಡೋಣ ಎಂದಾಗ ಮಾತು ನಿಂತಿತು. ಅವರಿಗೆ ಸರ್ಟಿಫಿಕೇಟ್ ಇಲ್ಲ, ಆಡಿಟ್‌ನವರು ಕೇಳುತ್ತಾರೆ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡೋಣ ಎಂದರು. ಸನ್ಮಾನ ನಮ್ಮಲ್ಲಿ ಕೂಲಿ ತಪ್ಪಿಸುವ ಮರ್ಯಾದಸ್ಥ ದಾರಿ. ಕಥೆ ಬರೆಯುವವರಿಗೂ ಇದು ಚೆನ್ನಾಗಿ ಗೊತ್ತು. ನಾನು ಈ ಮಾತನ್ನು ಆಯಿಗೆ ಮುಟ್ಟಿಸಿದೆ.

"ಶಾಲು ನನಗ್ಯಾಕ ತಂಗಿ? ಹೊದ್ದುಕೊಳ್ಳಾಕ ಮನ್ಯಾಗ ಹನ್ನೊಂದು ಕೌದಿ ಅದಾವ. ಒಂದಿನದ ಪಗಾರ ಎಷ್ಟು ಅಂತ ಕೇಳಿಕೊಂಡು ಬಾ."

ನನ್ನ ಗುರು ಕೇಳಿಕೊಂಡು ಬಾ ಎಂದ ಮೇಲೆ ಕೇಳಲೇಬೇಕಲ್ಲ! ಎರಡು ಸಭೆಗಳಾದವು. ನಾನು ಡಾ. ಝಾಕಿರ್ ಹುಸೇನ್ ಅವರ ಮಾತು ತೆಗೆದೆ. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಶಿಕ್ಷಣದ ಪರಿಷತ್ತು ಕರೆದಾಗ, ಕೈಕಸುಬಿನ ಮೂಲಕ ಪಾಠ ಕಲಿಸುವ ಯೋಜನೆ ಬರೆದ ಸಮಿತಿಗೆ ಅಧ್ಯಕ್ಷರಾಗಿದ್ದವರು ಜಾಮಿಯಾದ ಝಾಕಿರ್ ಸಾಹೇಬರು. ಮುಂದೆ ರಾಷ್ಟ್ರಪತಿಯಾದವರು ಎಂದಷ್ಟೇ ನಾವು ಅವರನ್ನು ನೆನೆಯುತ್ತೇವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೇ ತರಗತಿಯ ಮಕ್ಕಳು ಹತ್ತು ದಿನ ಪಾಟಿಚೀಲ ಬಿಟ್ಟು ಬಡಿಗರು, ಕುಂಬಾರರು, ತೋಟಗಾರರು, ಕಲಾವಿದರ ಹತ್ತಿರ ಕಲಿಯಲಿ ಎನ್ನುತ್ತದೆ. ಅಂದರೆ ಮಕ್ಕಳೂ ಇಂಟರ್ನ್‌ಗಳೇ. ಕಲಿಸುವವರ ಹೊಟ್ಟೆಯ ಮಾತು ಬರುವುದು ಮಾತ್ರ ಕಡಿಮೆ. ಕೊನೆಗೆ ಖಜಾಂಚಿ ಹುಡುಗಿಯೇ ದಾರಿ ತೆಗೆದಳು. ಓಚರಿನಲ್ಲಿ 'ಸಂಪನ್ಮೂಲ ವ್ಯಕ್ತಿ' ಎಂದೇ ಬರೆದು ಹೆಬ್ಬೆಟ್ಟು ಹಾಕಿಸಿದಳು. ಆಡಿಟ್‌ನವರು ಏನೂ ಕೇಳಲಿಲ್ಲ ಎಂಬುದು ಆಮೇಲಿನ ಮಾತು.

ಫೆಬ್ರವರಿಯ ಆ ಶನಿವಾರ ಫಲಕದ ಮೇಲೆ ಏನನ್ನೂ ಬರೆಯಲಿಲ್ಲ. ಆಯಿ ನೆಲಕ್ಕೆ ಧೋತರ ಹಾಸಿದಳು. ಕೆರೆಯನ್ನೇ ಹೊಲಿಯೋಣ ಎಂದವರು ಮಕ್ಕಳು. ಮೊಮ್ಮಗಳು ಮುಂದಿನ ಸಾಲಿನಲ್ಲಿ ಕೂತು ಎಲ್ಲರ ಸೂಜಿಗೂ ದಾರ ಪೋಣಿಸುತ್ತಿದ್ದಳು. ಮನೆಮನೆಯಿಂದ ತುಂಡುಗಳು ಬಂದಿದ್ದವು. ಇದು ನಮ್ಮವ್ವನ ಸೀರಿ, ಇದು ಕಾಕಾನ ಅಂಗಿ, ಇದು ತಮ್ಮನ ಕುಲಾಯಿ. ನಾನು ಒಯ್ದ ಕರಿ ತುಂಡನ್ನು ಒಬ್ಬ ಹುಡುಗ ಎತ್ತಿ ನೋಡಿ, "ಇದು ಯಾವ ಅರಿವಿರಿ ಅಕ್ಕಾರ?" ಎಂದ.

"ನನ್ನ ಹಳೇ ಬುರ್ಖಾದ್ದಪ್ಪ."

ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದ. ನಾನೂ ಸುಮ್ಮನಿದ್ದೆ. ನಮ್ಮ ರಾಜ್ಯದ ಶಾಲೆಗಳ ಬಾಗಿಲಲ್ಲಿ 2022ರಲ್ಲಿ ತಲೆಯ ಮೇಲಿನ ಬಟ್ಟೆಯ ಸಲುವಾಗಿ ನಡೆದದ್ದೆಲ್ಲ ನನ್ನ ಮನಸ್ಸಿನಲ್ಲಿತ್ತು, ಅವನ ಮನಸ್ಸಿನಲ್ಲಿ ಇರಲಿಲ್ಲ.

"ಹಂಗಾರ ರಾತ್ರಿ ಮಾಡೂಣ್ರಿ. ಬಾತುಕೋಳಿ ರಾತ್ರೀನ ನಮ್ಮ ಹೊಲಕ್ಕ ಶೇಂಗಾ ತಿನ್ನಾಕ ಬರತಾವು" ಎಂದ.

ಕೆರೆಯ ಮೇಲಿನ ಆಕಾಶ ಹಾಗೆ ಕರಿ ಆಯಿತು. ಧೋತರದ ಬಿಳಿ ಚೂರುಗಳು ಹೆಬ್ಬಾತು, ತಲೆಯ ಮೇಲೆ ಎರಡು ಕರಿ ಹೊಲಿಗೆ. ಮಧ್ಯಾಹ್ನ ಆಯಿ ಸಾವಿರ ರೂಪಾಯಿ ಎಣಿಸಿಕೊಂಡು ಸಂಚಿಯಲ್ಲಿ ಅಡಿಕೆಯ ಮಗ್ಗುಲಿಗೆ ಇಟ್ಟಳು. ಆ ಸಂಚಿಯೂ ಖಣದ ತುಂಡುಗಳದೇ.

ಮಾರ್ಚ್‌ನಲ್ಲಿ ಪರೀಕ್ಷೆ ಬಂತು, ಹಕ್ಕಿಗಳು ಹೋದವು, ನನ್ನ ಇಂಟರ್ನಿಕೆಯೂ ಮುಗಿಯಿತು. ಕೆರೆಯ ಕೌದಿ ಹೆಡ್‌ಮಾಸ್ತರರ ಕೋಣೆಯ ಗೋಡೆಗೆ ಇದೆ. ಶಾಲೆ ತೆರೆದ ಮೇಲೆ ಸಂಸ್ಥೆಯವರು ಹೊಸ ವರ್ಷದ ಪಟ್ಟಿ ಕಳಿಸಿದರು. ಥರ್ಮೋಕೋಲ್ ಹೋಗಿದೆ, ಐಸ್‌ಕ್ರೀಂ ಕಡ್ಡಿ ಇನ್ನೂ ಇದೆ. ಆಯಿಯ ಹೆಸರಿನ ಮುಂದೆ ಎರಡು ಶನಿವಾರ ಬರೆದಿದ್ದಾರೆ. ನಾನು ನಾಲ್ಕು ಕೇಳಿ ಪತ್ರ ಬರೆದಿದ್ದೇನೆ.